ಪೂರ್ವಸ್ವಭಾವರಾಯರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಶ್ರೀಮಾನ್ ಪೂರ್ವಸ್ವಭಾವರಾಯರು,
ಮಾಜಿ ಧಣಿಗಳು,
ನಮ್ಮ ಒಳಮನೆ.

ವಿಷಯ: ಬಿಡುಗಡೆ ಪತ್ರ ಕೈಸೇರಿದ ಮೇಲೂ ತಮ್ಮ ಕೊಟ್ಟಿಗೆಯಲ್ಲಿ ನನ್ನ ದುಡಿಮೆ ಮುಂದುವರಿದಿರುವ ಬಗ್ಗೆ.

ಉಲ್ಲೇಖ: ಪೌಲನು ರೋಮಾಪುರದವರಿಗೆ ಬರೆದ ಪತ್ರ, ಆರನೆಯ ಅಧ್ಯಾಯ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ತಾವು ತೀರಿಕೊಂಡು ನಲವತ್ತೊಂದು ವರ್ಷಗಳಾದವು. ಊರಾಚೆಯ ಮೈದಾನದಲ್ಲಿ ಶಾಮಿಯಾನ ಹಾಕಿ ನಡೆಸಿದ ಉಜ್ಜೀವನ ಕೂಟದ ಮೂರನೆಯ ರಾತ್ರಿ, ಪರವೂರಿನಿಂದ ಬಂದ ಬೋಧಕರು ಕೈ ಎತ್ತಿ ಎಂದಾಗ ಎತ್ತಿದೆ, ಮುಂದೆ ಬನ್ನಿ ಎಂದಾಗ ಹೋದೆ, ಮೊಣಕಾಲೂರಿ ಅತ್ತೆ. ಇವನ ಹಳೆಯ ಬಾಳು ಶಿಲುಬೆಯ ಮೇಲೆ ಸತ್ತಾಯಿತು, ಇನ್ನು ಇವನು ಹೊಸಬ ಎಂದು ಅವರು ಮೈಕಿನಲ್ಲಿ ಸಾರಿದರು. ಜನ ಹಲ್ಲೆಲೂಯ ಎಂದರು. ಆದ್ದರಿಂದ ನಿಮ್ಮ ಮರಣಕ್ಕೆ ಸಾಕ್ಷಿಗಳ ಕೊರತೆಯೇನೂ ಇಲ್ಲ. ಹಾಗಿದ್ದ ಮೇಲೆ, ಮಾರನೆಯ ಬೆಳಿಗ್ಗೆ ನಾನು ಹಿತ್ತಿಲಲ್ಲಿ ಹಲ್ಲುಜ್ಜುತ್ತಿದ್ದಾಗ ಬಾವಿಕಟ್ಟೆಯ ಮೇಲೆ ಕೂತು, "ರಾತ್ರಿ ಚೆನ್ನಾಗಿ ಅತ್ತೆ ಕಣಯ್ಯಾ. ಪಕ್ಕದ ಮನೆಯವರು ನೋಡಿದರಾ?" ಎಂದು ಕೇಳಿದವರು ಯಾರು ಸ್ವಾಮಿ?

ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ. ಗುಟ್ಟಿನಲ್ಲಿ ನಡೆಸಿದ ಪತ್ರವ್ಯವಹಾರದಲ್ಲೆಲ್ಲ ಇದುವರೆಗೆ ಗೆದ್ದವರು ನೀವೇ.

ಮೊದಲು ನಿಮ್ಮ ಹೆಸರಿನ ಮಾತು. ಪೌಲನು ಗ್ರೀಕಿನಲ್ಲಿ ನಿಮ್ಮನ್ನು ಕರೆದದ್ದು ಬರೀ 'ಹಳೇ ಮನುಷ್ಯ' ಎಂದು. ಹಳೇ ಚಪ್ಪಲಿ, ಹಳೇ ಕೊಡೆ ಎನ್ನುವ ಹಾಗೆ. ಸತ್ಯವೇದವನ್ನು ಕನ್ನಡಕ್ಕೆ ತಂದವರು ಮರ್ಯಾದಸ್ಥರು. ನಿಮ್ಮ ತಲೆಗೊಂದು ಸಂಸ್ಕೃತದ ಪೇಟ ಸುತ್ತಿ 'ಪೂರ್ವಸ್ವಭಾವ' ಎಂದು ಕೂರಿಸಿದರು. ಅಂದಿನಿಂದ ನಿಮಗೊಂದು ಗತ್ತು ಬಂದಿದೆ. ಹಳೇ ಮನುಷ್ಯನನ್ನಾದರೆ ಜಗಲಿಯಿಂದ ಅಟ್ಟಬಹುದಿತ್ತು. ಪೂರ್ವಸ್ವಭಾವದವರಿಗೆ ಕುರ್ಚಿ ಹಾಕಬೇಕಾಗುತ್ತದೆ. 'ರಾಯರು' ಎಂಬುದನ್ನು ಮಾತ್ರ ಸೇರಿಸಿದವನು ನಾನು, ಉಂಡ ಮನೆಯ ಋಣಕ್ಕೆ.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿದವನು ಎಂಬುದು ನಿಮಗೆ ಗೊತ್ತು. ನನ್ನ ಮೇಜಿನ ಮೇಲೆ ಹಾದುಹೋದ ಕಡತಗಳಲ್ಲಿ ಜೀತವಿಮುಕ್ತಿಯ ಕಡತಗಳೂ ಇದ್ದವು. ಜೀತ ಪದ್ಧತಿ ರದ್ದತಿಯ ಕಾಯ್ದೆ 1976ರದ್ದು. ಆದರೆ ಅದು ಜಾರಿಗೆ ಬಂದದ್ದಾಗಿ ಲೆಕ್ಕ ಹಿಡಿಯುವುದು 1975ರ ಅಕ್ಟೋಬರ್ 25ರಿಂದ. ಆ ದಿನದಿಂದ ದೇಶದ ಎಲ್ಲ ಜೀತದಾಳುಗಳೂ ಸ್ವತಂತ್ರರು, ಅವರ ಮೇಲಿದ್ದ ಜೀತದ ಸಾಲವೆಲ್ಲ ಅಳಿದುಹೋಯಿತು ಎಂದು ಕಾಯ್ದೆ ಹೇಳುತ್ತದೆ. ಒಂದೇ ಏಟು. ಕಂತಿಲ್ಲ, ವಾಯಿದೆಯಿಲ್ಲ. ಆದರೆ ಅಂದು ಬೆಳಿಗ್ಗೆ ಎಷ್ಟೋ ಜನ ಎಂದಿನಂತೆ ಎದ್ದು ಧಣಿಯ ಎಮ್ಮೆ ಹೊಡೆದುಕೊಂಡು ಹೋಗಿರಬೇಕು. ಅವರ ಪಾಲಿಗೆ ದೆಹಲಿಯಲ್ಲಿ ಏನೂ ನಡೆದಿರಲಿಲ್ಲ.

ನನ್ನ ಕೈಯಾರೆ ಮೊಹರು ಹಾಕಿಸಿದ ಒಂದು ಬಿಡುಗಡೆ ಪತ್ರ ನೆನಪಿದೆ. ಆ ಮನುಷ್ಯ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗುಡಿಸಲಿನ ಸೂರಿಗೆ ಸಿಕ್ಕಿಸಿದ್ದ. ಮೂರನೆಯ ದಿನ ನಮ್ಮವರು ವಿಚಾರಣೆಗೆ ಹೋದಾಗ ಅವನು ಅದೇ ಧಣಿಯ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ. ಯಾಕಪ್ಪಾ ಎಂದರೆ, "ನಾಕು ಗಂಟೆಗೇ ಎಚ್ರ ಆಯ್ತದೆ ಬುದ್ದೀ. ಎದ್ದ್ ಮ್ಯಾಕೆ ಎಲ್ಲಿಗ್ ಹೋಗ್ಬೇಕು ಅಂತ ಗೊತ್ತಾಗ್ನಿಲ್ಲ" ಎಂದ. ಧಣಿ ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತ, "ನಾನೇನ್ ಕರ್ದಿದ್ನಾ ಕೇಳಿ" ಎಂದರಂತೆ. ಆತ ಸುಳ್ಳು ಹೇಳಿರಲಿಲ್ಲ. ನಿಮ್ಮನ್ನು ಕೇಳಿದರೂ ಇದೇ ಉತ್ತರ. ನೀವು ಕರೆದದ್ದೇ ಇಲ್ಲ. ಬೆಳಗಿನ ಜಾವ ಎಚ್ಚರವಾದರೆ ನನ್ನ ಕಾಲಿಗೆ ದಾರಿ ಗೊತ್ತಿದೆ, ಅಷ್ಟೆ.

ದೇವಶಾಸ್ತ್ರದವರು ಇದನ್ನು ಎರಡು ಹೆಸರಿಟ್ಟು ಬೇರೆ ಮಾಡಿದ್ದಾರೆ. ನೀತಿವಂತನೆಂಬ ನಿರ್ಣಯ ಒಂದು, ಪವಿತ್ರೀಕರಣ ಇನ್ನೊಂದು. ಎಷ್ಟೋ ಪ್ರಸಂಗ ಕೇಳಿದ ಮೇಲೂ ನನಗೆ ಅರ್ಥವಾಗಿರದಿದ್ದದ್ದು ಆ ಕಡತದಿಂದ ಅರ್ಥವಾಯಿತು. ಮೊದಲನೆಯದು ಸೂರಿಗೆ ಸಿಕ್ಕಿಸಿದ ಕಾಗದ. ಅದು ನಿಜ, ಅದರ ಮೊಹರು ನಿಜ, ಅದನ್ನು ಯಾರೂ ಕಿತ್ತುಕೊಳ್ಳಲಾರರು. ಎರಡನೆಯದು ನಾಲ್ಕು ಗಂಟೆಗೆ ಎದ್ದು ಎಲ್ಲಿಗೆ ಹೋಗಬೇಕು ಎಂಬುದು. ಸರ್ಕಾರಕ್ಕೂ ಇದು ತಡವಾಗಿ ಹೊಳೆಯಿತು. ಕಾಯ್ದೆ ಬಂದ ಮೇಲೆ, 1978ರಲ್ಲಿ, ಪುನರ್ವಸತಿ ಯೋಜನೆ ತಂದು ತಲೆಗೆ 4,000 ರೂಪಾಯಿ ಎಂದು ಗೊತ್ತು ಮಾಡಿತು. ನಮ್ಮ ಸಭೆಗಳಲ್ಲಿ ಕೈ ಎತ್ತಿದವರ ಲೆಕ್ಕ ಇಡುತ್ತಾರೆ. ಎತ್ತಿದ ಕೈ ಮಾರನೆಯ ದಿನ ಏನು ಹಿಡಿಯಿತು ಎಂಬುದಕ್ಕೆ ರಿಜಿಸ್ಟರು ಇಲ್ಲ.

ಈಗ ಉಲ್ಲೇಖದಲ್ಲಿರುವ ಪತ್ರಕ್ಕೆ ಬರುತ್ತೇನೆ. ಸುಮಾರು ಕ್ರಿ.ಶ. 57ರಲ್ಲಿ ಕೊರಿಂಥದಲ್ಲಿ ಕೂತು ಪೌಲ ಹೇಳಿದ್ದು, ತೆರ್ತ್ಯನೆಂಬ ಲಿಪಿಕಾರ ಬರೆದುಕೊಂಡದ್ದು. ಪಾಪವನ್ನು ಅಲ್ಲಿ ಒಡೆಯ ಎಂದು ಕರೆದು, ನಮ್ಮನ್ನು ಗುಲಾಮರು ಎಂದ. ಈ ಹೋಲಿಕೆ ಅವನಿಗೇ ಮುಜುಗರವಾಗಿ, ನಿಮ್ಮ ಬಲಹೀನತೆಗೆ ತಕ್ಕಂತೆ ಲೋಕದ ಮಾತಿನಲ್ಲಿ ಹೇಳುತ್ತಿದ್ದೇನೆ ಎಂದು ನಡುವೆಯೇ ಸಮಜಾಯಿಷಿ ಕೊಟ್ಟುಕೊಂಡಿದ್ದಾನೆ. ಕೇಳುವವರು ಯಾರು? ಪತ್ರದ ಕೊನೆಯಲ್ಲಿ ಅವನು ವಂದನೆ ಹೇಳುವ ಅಂಪ್ಲಿಯಾತ, ಪೆರ್ಸೀಸ ಮುಂತಾದ ಹೆಸರುಗಳು ಆ ಕಾಲದ ರೋಮಿನಲ್ಲಿ ಗುಲಾಮರಿಗೂ ಗುಲಾಮಗಿರಿಯಿಂದ ಬಿಟ್ಟುಬಂದವರಿಗೂ ಇಡುತ್ತಿದ್ದಂಥವು. ಅಂದರೆ ಈ ವ್ಯವಹಾರದ ಒಳಹೊರಗನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಒಳಹೊರಗೇನೆಂದರೆ, ರೋಮಿನಲ್ಲಿ ಬಿಡುಗಡೆಯಾದ ಗುಲಾಮ ಪೂರಾ ಬಿಡುಗಡೆಯಾಗುತ್ತಿರಲಿಲ್ಲ. ಹಳೆಯ ಒಡೆಯನೇ ಅವನ ಪೋಷಕ. ಒಡೆಯನ ಹೆಸರನ್ನೇ ಹೊತ್ತು ತಿರುಗಬೇಕು. ಸಿಸೆರೊ ಬಿಡುಗಡೆ ಮಾಡಿದ ಲಿಪಿಕಾರ ತೀರೋ, ಮಾರ್ಕಸ್ ಟುಲ್ಲಿಯಸ್ ತೀರೋ ಆದ. ಒಡೆಯ ಎದುರಾದರೆ ತಗ್ಗಿ ನಡೆಯಬೇಕು, ವರ್ಷಕ್ಕೆ ಇಷ್ಟು ದಿನ ಎಂದು ಮಾತು ಕೊಟ್ಟಿದ್ದರೆ ಅಷ್ಟು ದಿನ ಹೋಗಿ ದುಡಿದು ಬರಬೇಕು, ಅಪ್ಪಣೆಯಿಲ್ಲದೆ ಅವನ ಮೇಲೆ ದಾವೆ ಹೂಡುವಂತಿಲ್ಲ. ಪೌಲನ ಚಾಣಾಕ್ಷತೆ ಇಲ್ಲಿದೆ ನೋಡಿ ರಾಯರೇ. ನಿಮ್ಮ ಮನೆಯ ಪಾಪವನ್ನು ಒಡೆಯ ಎಂದ ಮೇಲೆ, ಆ ಒಡೆಯ ನಮ್ಮನ್ನು 'ಬಿಟ್ಟುಕೊಟ್ಟ' ಎಂದು ಅವನು ಹೇಳಲೇ ಇಲ್ಲ. ಹಾಗೆ ಹೇಳಿದ್ದರೆ ವರ್ಷಕ್ಕೊಮ್ಮೆ ಸುಗ್ಗಿಗಾದರೂ ನಿಮ್ಮ ಹೊಲಕ್ಕೆ ಬರಬೇಕಾಗುತ್ತಿತ್ತು. ಆಳು ಸತ್ತುಹೋದ ಎಂದುಬಿಟ್ಟ. ದೀಕ್ಷಾಸ್ನಾನದ ನೀರಿನಲ್ಲಿ ಕ್ರಿಸ್ತನ ಜೊತೆ ಹೂಣಲ್ಪಟ್ಟ, ಆಮೇಲೆ ಎದ್ದವನು ಬೇರೆಯವನ ಮನೆಯವನು. ಸತ್ತ ಆಳಿನಿಂದ ಬಿಟ್ಟಿ ದುಡಿಸಿಕೊಳ್ಳುವ ಕಾನೂನು ರೋಮಿನಲ್ಲೂ ಇರಲಿಲ್ಲ. ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಇಷ್ಟು ಬಿಗಿಯಾದ ಟಿಪ್ಪಣಿಯನ್ನು ನಾನು ನೋಡಿಲ್ಲ.

ಸಂಬಳದ ಮಾತನ್ನೂ ಅವನೇ ಎತ್ತಿದ್ದಾನೆ. ಅವನು ಬಳಸಿದ ಪದ ಸಿಪಾಯಿಗಳಿಗೆ ಕೊಡುತ್ತಿದ್ದ ಪಡಿಯದು. ನಿಮ್ಮ ಮನೆಯ ಪಡಿ ಮರಣ, ದೇವರು ಕೊಡುವುದು ಸಂಬಳವೇ ಅಲ್ಲ, ಸುಮ್ಮನೆ ಕೊಟ್ಟದ್ದು ಎಂಬುದು ಅವನ ಲೆಕ್ಕ. ನೀವು ಸಂಬಳವನ್ನು ಒಟ್ಟಿಗೆ ಕೊಡುವುದಿಲ್ಲ ಎಂಬುದನ್ನು ನನ್ನ ಅನುಭವದಿಂದ ಸೇರಿಸಬಹುದು. ಕಂತು ಕಂತಾಗಿ ಕೊಡುತ್ತೀರಿ. ಒಂದು ಕಂತು ನಿದ್ದೆಯಿಂದ ಹೋಗುತ್ತದೆ, ಒಂದು ಕಂತು ಊಟದ ರುಚಿಯಿಂದ, ಒಂದು ಕಂತು ಒಡಹುಟ್ಟಿದವರಿಂದ. ಕೊನೆಯದರ ರಸೀದಿ ನನ್ನ ಹಿತ್ತಿಲಲ್ಲೇ ನಿಂತಿದೆ. ಅದರ ಮಾತು ಆಮೇಲೆ.

ಗಿಂಬಳದ ಬಗ್ಗೆ ಮಾತ್ರ ಪೌಲ ಏನೂ ಹೇಳಿಲ್ಲ. ಅದರಲ್ಲಿ ನಾವಿಬ್ಬರೂ ನಿಪುಣರು. ಕಡತದ ಕೆಳಗೆ ಜಾರಿ ಬರುತ್ತಿದ್ದ ಲಕೋಟೆಗೆ ನೀವು 'ಕಾಫಿ ಖರ್ಚು' ಎಂದು ಹೆಸರಿಟ್ಟಿರಿ. ನನಗೆ ಮನಸ್ಸು ಕುಟುಕಿತು. ಆಗ ನೀವು ಎಂಥ ಉಪಾಯ ಹೇಳಿಕೊಟ್ಟಿರಿ! ಹತ್ತರಲ್ಲಿ ಒಂದು ಪಾಲನ್ನು ದಶಮಾಂಶದ ಕವರಿಗೆ ಹಾಕಿಬಿಡು ಎಂದಿರಿ. ಹಾಕಿದೆ. ತಿಂಗಳು ತಿಂಗಳೂ, ಒಂದು ಪೈಸೆ ತಪ್ಪದಂತೆ. ದೇವರನ್ನು ಪಾಲುದಾರನನ್ನಾಗಿ ಮಾಡಿಕೊಂಡ ಮೇಲೆ ನಿದ್ದೆ ಸ್ವಲ್ಪ ಚೆನ್ನಾಗಿಯೇ ಬಂತು.

ಮುಂದೂಡುವುದನ್ನು ಕಲಿಸುವುದರಲ್ಲಿ ನಿಮ್ಮ ಶಿಷ್ಯರ ಪಟ್ಟಿ ದೊಡ್ಡದು. ಚಕ್ರವರ್ತಿ ಕಾನ್‌ಸ್ಟಂಟೈನ್ 337ರಲ್ಲಿ ಸಾಯುವ ಹಾಸಿಗೆ ಹಿಡಿಯುವ ತನಕ ದೀಕ್ಷಾಸ್ನಾನವನ್ನೇ ಮಾಡಿಸಿಕೊಂಡಿರಲಿಲ್ಲ. ತೊಳೆಯುವುದು ಒಂದೇ ಸಲವಾದರೆ ಕೊನೆಗೇ ತೊಳೆಯೋಣ ಎಂಬ ಲೆಕ್ಕ ಆ ಕಾಲದ ಬಹಳ ಜನಕ್ಕೆ ಇತ್ತು. ಮದುವೆಯ ಪಂಚೆಯನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಂಡು ಕೊಳಕು ಪಂಚೆಯಲ್ಲಿ ಬಾಳ್ವೆ ಮಾಡಿದ ಹಾಗೆ. ಅಗಸ್ಟೀನ್ ಹರೆಯದಲ್ಲಿ ದೇವರೇ ನನ್ನನ್ನು ಶುದ್ಧನನ್ನಾಗಿ ಮಾಡು, ಆದರೆ ಈಗಲೇ ಬೇಡ ಎಂದು ಬೇಡಿಕೊಂಡದ್ದನ್ನು ತಾನೇ ಬರೆದಿಟ್ಟಿದ್ದಾನೆ. ಅವನು 387ರಲ್ಲಿ ಮಿಲಾನಿನಲ್ಲಿ ನೀರಿಗಿಳಿದ. ನಾನು ಎಂದೋ ಇಳಿದೆ. 'ಈಗಲೇ ಬೇಡ' ಎಂಬುದನ್ನು ಜೇಬಿನಲ್ಲಿಟ್ಟುಕೊಂಡೇ ಇಳಿದೆ.

ಮಾರ್ಟಿನ್ ಲೂಥರ್ ನಿಮ್ಮನ್ನು ಚೆನ್ನಾಗಿ ಬಲ್ಲವನು. 1529ರ ಅವನ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ, ಒಳಗಿನ ಹಳೆಯ ಆದಾಮನನ್ನು ದಿನದಿನವೂ ಪಶ್ಚಾತ್ತಾಪದ ನೀರಿನಲ್ಲಿ ಮುಳುಗಿಸಬೇಕು ಎಂದಿದ್ದಾನೆ. ದಿನದಿನವೂ! ಹಾಗೆಂದರೆ ನಿಮಗೆ ಈಜು ಬರುತ್ತದೆ ಎಂದಾಯಿತು. ಉಜ್ಜೀವನ ಕೂಟದವರು ಇದನ್ನು ನನಗೆ ಹೇಳಿದ್ದರೆ, ಬಾವಿಕಟ್ಟೆಯ ಮೇಲೆ ನಿಮ್ಮನ್ನು ಕಂಡು ನಾನು ಅಷ್ಟು ಬೆಚ್ಚಿಬೀಳುತ್ತಿರಲಿಲ್ಲ.

ಇನ್ನು ನನ್ನ ಸಾಕ್ಷಿಯ ವಿಷಯ. ಕೂಟಗಳಲ್ಲಿ ಎದ್ದು ನಿಂತು ಸಾಕ್ಷಿ ಹೇಳುವಾಗ ನಾನು ಬಿಟ್ಟದ್ದನ್ನೆಲ್ಲ ಹೇಳುತ್ತೇನೆ: ಬೀಡಿ, ಇಸ್ಪೀಟು, ಸಿನಿಮಾ. ನಿಜವಾಗಿಯೂ ಬಿಟ್ಟಿದ್ದೇನೆ. ಬಿಡುವುದಕ್ಕೆ ನೀವೂ ಅಡ್ಡಿ ಮಾಡಲಿಲ್ಲ ಎಂಬುದು ಈಗ ಹೊಳೆಯುತ್ತಿದೆ. ಬೀಡಿಕಟ್ಟನ್ನು ಒಲೆಗೆ ಹಾಕುವಾಗ ಕಡ್ಡಿ ಗೀರಿ ಕೊಟ್ಟವರು ನೀವೇ ಇರಬೇಕು. ಮೊದಲ ಸಲ ಸಾಕ್ಷಿ ಹೇಳಿದಾಗ ದಿನಕ್ಕೆ ಹತ್ತು ಬೀಡಿ ಸೇದುತ್ತಿದ್ದೆ ಎಂದಿದ್ದೆ. ಹತ್ತು ವರ್ಷದ ಮೇಲೆ ಅದು ಇಪ್ಪತ್ತೈದಾಯಿತು. ಕಳೆದ ವರ್ಷ ನಲವತ್ತು ಎಂದೆ. ಬಿಟ್ಟ ಬೀಡಿಯ ಮೇಲೆ ಬಡ್ಡಿ ಬೆಳೆಯುವುದನ್ನು ನಾನು ಬೇರೆ ಯಾವ ಲೇವಾದೇವಿಯಲ್ಲೂ ಕಂಡಿಲ್ಲ.

ಸಣ್ಣದನ್ನು ಬಿಡಿಸಿ ದೊಡ್ಡದನ್ನು ಉಳಿಸಿಕೊಳ್ಳುವ ಈ ವಿದ್ಯೆಯಲ್ಲಿ ನಿಮ್ಮ ಅತ್ಯುತ್ತಮ ಕೆಲಸ ಯಾವುದೆಂದು ಕೇಳಿದರೆ ಜಾನ್ ನ್ಯೂಟನ್ ಎನ್ನುತ್ತೇನೆ. ಸೇಬಿನ ನ್ಯೂಟನ್ ಅಲ್ಲ, ಹಡಗಿನ ನ್ಯೂಟನ್. ಬಾಯಿ ತೆರೆದರೆ ಹೊಲಸು ಮಾತು, ದೇವದೂಷಣೆ. ನಾವಿಕರೇ ಕಿವಿ ಮುಚ್ಚಿಕೊಳ್ಳುವಂಥ ನಾಲಗೆ. 1748ರ ಮಾರ್ಚಿನಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ 'ಗ್ರೇಹೌಂಡ್' ಹಡಗು ಬಿರುಗಾಳಿಗೆ ಸಿಕ್ಕಿ ಒಡೆಯುತ್ತಿದ್ದಾಗ ಅವನ ಬಾಯಿಂದ ಪ್ರಾರ್ಥನೆ ಬಂತು. ಬದುಕಿ ದಡ ಸೇರಿದ. ಆ ದಿನವನ್ನು ಸಾಯುವ ತನಕ ವರ್ಷ ವರ್ಷವೂ ನೆನೆದ. ಹೊಲಸು ಮಾತು ನಿಂತಿತು. ಆಮೇಲೆ? ಆಮೇಲೆ ಅವನು ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾದ.

ಮುಂಚೆ ಅಲ್ಲ, ಆಮೇಲೆ. ಇದನ್ನು ನಮ್ಮ ಪ್ರಸಂಗಗಳಲ್ಲಿ ಹಿಂದುಮುಂದು ಮಾಡಿ ಹೇಳುತ್ತಾರೆ. ಗುಲಾಮರ ವ್ಯಾಪಾರಿ ಬಿರುಗಾಳಿಯಲ್ಲಿ ಮನಸ್ಸು ತಿರುಗಿ ಹಾಡು ಬರೆದ ಎಂದು ಒಂದೇ ಉಸಿರಿನಲ್ಲಿ ಮುಗಿಸಿಬಿಡುತ್ತಾರೆ. 1750ರಿಂದ 1754ರ ತನಕ ಅವನು ಕಪ್ತಾನನಾಗಿ ಮೂರು ಸಲ ಆಫ್ರಿಕಾದ ಕರಾವಳಿಗೆ ಹೋಗಿ ಮನುಷ್ಯರನ್ನು ತುಂಬಿಕೊಂಡು ಬಂದ. ಭಾನುವಾರ ಎರಡು ಹೊತ್ತು ನಾವಿಕರನ್ನು ಸೇರಿಸಿ ಆರಾಧನೆ ನಡೆಸುತ್ತಿದ್ದ. ಬಿಡುವಿನಲ್ಲಿ ಲ್ಯಾಟಿನ್ ಕಲಿತ, ಹೆಂಡತಿಗೆ ಪ್ರೀತಿಯ ಕಾಗದಗಳನ್ನು ಬರೆದ. ಹಡಗಿನ ತಳದಲ್ಲಿ ಸರಪಳಿ. ದಂಗೆಯ ಸಂಚಿದೆಯೆಂಬ ಅನುಮಾನ ಬಂದಾಗ ಹುಡುಗರ ಹೆಬ್ಬೆರಳಿಗೆ ತಿರುಪು ಹಾಕಿ ಬಿಗಿದು ಬಾಯಿ ಬಿಡಿಸಿದ್ದನ್ನು ತನ್ನ ದಿನಚರಿಯಲ್ಲಿ ತಾನೇ ಬರೆದುಕೊಂಡ, ಗಾಳಿ ಯಾವ ಕಡೆಗೆ ಬೀಸಿತು ಎಂದು ಬರೆಯುವಷ್ಟೇ ಶಾಂತವಾಗಿ. ಅವನು ಢೋಂಗಿಯಾಗಿರಲಿಲ್ಲ ರಾಯರೇ, ಅದೇ ನಿಮ್ಮ ಕೈಚಳಕ. ಅವನ ಪ್ರಾರ್ಥನೆ ನಿಜವಾದ ಪ್ರಾರ್ಥನೆ. ಬೈಗುಳ ಪಾಪ ಎಂದು ಅವನಿಗೆ ಕಾಣುತ್ತಿತ್ತು, ಏಕೆಂದರೆ ಅವನ ಊರಿನವರಿಗೂ ಅದು ಪಾಪ. ಸರಪಳಿ ಕಾಣುತ್ತಿರಲಿಲ್ಲ, ಅದು ಎಲ್ಲರೂ ಒಪ್ಪಿದ ಕಸುಬು.

ಕಸುಬು ಬಿಟ್ಟದ್ದಾದರೂ ಮನಸ್ಸು ಕುಟುಕಿ ಅಲ್ಲ, 1754ರಲ್ಲಿ ಕಾಯಿಲೆ ಬಿದ್ದು. 1764ರಲ್ಲಿ ಪಾದ್ರಿಯಾದ. 'ಅಮೇಜಿಂಗ್ ಗ್ರೇಸ್' ಎಂದು ಲೋಕವೆಲ್ಲ ಹಾಡುವ ಹಾಡನ್ನು 1772ರ ಕೊನೆಯಲ್ಲಿ, ಓಲ್ನಿ ಎಂಬ ಊರಿನ ಹೊಸವರ್ಷದ ಆರಾಧನೆಗೆಂದು ಬರೆದ. ಆಗಲೂ ಬಹಿರಂಗವಾಗಿ ತುಟಿ ಬಿಚ್ಚಿರಲಿಲ್ಲ. ಗುಲಾಮರ ವ್ಯಾಪಾರದ ಬಗ್ಗೆ ಅವನ ಕಿರುಹೊತ್ತಿಗೆ ಬಂದದ್ದು 1788ರಲ್ಲಿ. ಬಿರುಗಾಳಿಯಿಂದ ಲೆಕ್ಕ ಹಾಕಿ: ನಲವತ್ತು ವರ್ಷ. ಆಮೇಲೆ ಪಾರ್ಲಿಮೆಂಟಿನ ಸಮಿತಿಯ ಮುಂದೆ ಹೋಗಿ, ಹಡಗಿನ ತಳದಲ್ಲಿ ಜನರನ್ನು ಹೇಗೆ ಪೇರಿಸುತ್ತಿದ್ದೆವು ಎಂದು ಹೇಳಿದ. ಅದೂ ಸಾಕ್ಷಿಯೇ. ಬಿಟ್ಟ ಬೀಡಿಯದಲ್ಲ, ತಾನು ಹಾಕಿದ ಸರಪಳಿಯದು. ಆ ವ್ಯಾಪಾರವನ್ನು ಬ್ರಿಟನ್ನು ಕಾನೂನಿನಿಂದ ನಿಲ್ಲಿಸಿದ್ದು 1807ರಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ, ಕಣ್ಣು ಮಂಜಾಗಿದ್ದ ಮುದುಕ ನ್ಯೂಟನ್ ತೀರಿಕೊಂಡ.

ನಲವತ್ತು ವರ್ಷ ಎಂಬುದನ್ನು ಓದಿದಾಗ ನನಗೆ ಮೊದಲು ಸಮಾಧಾನವೇ ಆಯಿತು. ನನ್ನದು ನಲವತ್ತೊಂದು, ಅವನಿಗಿಂತ ಒಂದೇ ವರ್ಷ ಹಿಂದೆ ಬಿದ್ದಿದ್ದೇನೆ ಎಂದುಕೊಂಡೆ. ಹಾಗೆ ಎಂದುಕೊಳ್ಳಲು ಹೇಳಿದವರು ಯಾರೆಂದು ಆಮೇಲೆ ಹೊಳೆಯಿತು. ಪವಿತ್ರರ ಚರಿತ್ರೆಯನ್ನು ನನ್ನ ಸೋಮಾರಿತನಕ್ಕೆ ದಿಂಬು ಮಾಡಿಕೊಡುವಷ್ಟು ಓದು ನಿಮಗಿದೆ.

ನನ್ನ ಕಣ್ಣಿಗೆ ಕಾಣದ ಸರಪಳಿ ಯಾವುದು? ಮಗಳಿಗೆ ಗಂಡು ನೋಡುವಾಗ 'ಒಳ್ಳೆಯ ಕ್ರೈಸ್ತ ಕುಟುಂಬ, ದೇವಭಯವುಳ್ಳವರು' ಎಂದೆಲ್ಲ ಕೇಳಿ ಸಂತೋಷಪಟ್ಟೆ. ಆಮೇಲೆ ಮಧ್ಯಸ್ಥಿಕೆಯವರನ್ನು ಬಾಗಿಲ ತನಕ ಕಳಿಸಿಕೊಡುವಾಗ, ಚಪ್ಪಲಿ ಮೆಟ್ಟುವ ಹೊತ್ತಿಗೆ, ದನಿ ತಗ್ಗಿಸಿ, "ಮೂಲ ಯಾವುದಂತೆ?" ಎಂದೆ. ಕ್ರಿಸ್ತನಲ್ಲಿ ಎಲ್ಲರೂ ಒಂದೇ ಎಂಬುದರ ಮೇಲೆ ಅದಕ್ಕೆ ಮುಂಚಿನ ಭಾನುವಾರವಷ್ಟೇ ನಾನು ಪಾಠ ಓದಿದ್ದೆ. ದನಿ ತಗ್ಗಿಸಿದೆ ಎಂಬುದನ್ನು ಗಮನಿಸಿ. ಗೊತ್ತಿಲ್ಲದವನು ದನಿ ತಗ್ಗಿಸುವುದಿಲ್ಲ. ನ್ಯೂಟನ್‌ಗೆ ಇದ್ದ ಸಬೂಬು ನನಗಿಲ್ಲ.

ನಮ್ಮ ಸಭೆ ವೆಸ್ಲಿಯನ್ ಮಿಷನಿನವರು ನೆಟ್ಟದ್ದು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಅದರೊಳಗೆ ಸೇರಿತು. ಆದ್ದರಿಂದ ಜಾನ್ ವೆಸ್ಲಿ ನಮಗೆ ಒಂಥರಾ ಮುತ್ತಜ್ಜ. ಮುತ್ತಜ್ಜನಿಗೆ ನಿಮ್ಮನ್ನು ಹಿಡಿಯುವ ಉಪಾಯ ಸಿಕ್ಕಿದ್ದ ಬಗೆ ತಮಾಷೆಯದು. 1742ರಲ್ಲಿ ಬ್ರಿಸ್ಟಲ್ ಊರಿನ ಪ್ರಾರ್ಥನಾಮಂದಿರಕ್ಕೆ ಸಾಲವಾಗಿತ್ತು. ತೀರಿಸಲು, ಹನ್ನೆರಡು ಜನಕ್ಕೆ ಒಬ್ಬ ಮುಖಂಡನಂತೆ ಮನೆಮನೆಗೆ ಹೋಗಿ ವಾರಕ್ಕೆ ತಲೆಗೊಂದು ಪೆನ್ನಿ ಎತ್ತಬೇಕೆಂದು ಗೊತ್ತಾಯಿತು. ಪೆನ್ನಿ ಎತ್ತಲು ಹೋದವರ ಕಣ್ಣಿಗೆ ಮನೆಗಳ ಒಳಗು ಬಿತ್ತು: ಒಂದು ಕಡೆ ಕುಡಿತ, ಒಂದು ಕಡೆ ಜಗಳ. ಸಾಲವಸೂಲಿಯ ಈ ಏರ್ಪಾಡೇ ಆತ್ಮದ ಕ್ಷೇಮ ವಿಚಾರಿಸುವ ವಾರದ ಕೂಟವಾಯಿತು. ಇನ್ನೂ ಒಳಗಿನ ಚಿಕ್ಕ ಗುಂಪುಗಳಲ್ಲಿ, ಹೋದ ಸಲ ಸೇರಿದ ಮೇಲೆ ಗೊತ್ತಿದ್ದೂ ಮಾಡಿದ ಪಾಪ ಯಾವುದು ಎಂದು ಮುಖಕ್ಕೆ ಮುಖ ಕೊಟ್ಟೇ ಕೇಳುತ್ತಿದ್ದರು. ಜೀತ ಕಾಯ್ದೆಯಲ್ಲೂ ಜಿಲ್ಲೆಗೂ ಉಪವಿಭಾಗಕ್ಕೂ ಜಾಗೃತಿ ಸಮಿತಿ ಇರಬೇಕೆಂಬ ನಿಯಮವಿದೆ. ಬಿಡುಗಡೆಯಾದವನು ಮತ್ತೆ ಕೊಟ್ಟಿಗೆಗೆ ಹೋಗುತ್ತಾನೆಂದು ಎರಡೂ ಕಡೆಯವರಿಗೆ ಗೊತ್ತಿತ್ತು. ಈಗ ನಮ್ಮ ಮನೆಕೂಟಗಳಲ್ಲಿ ಆ ಪ್ರಶ್ನೆ ಇಲ್ಲ. 'ಪ್ರಾರ್ಥನಾ ವಿಷಯಗಳಿವೆಯೇ?' ಎನ್ನುತ್ತೇವೆ. ಎಲ್ಲರೂ ಬೇರೆಯವರ ಮಂಡಿನೋವು, ಬೇರೆಯವರ ಮಗನ ಕುಡಿತ ಹೇಳುತ್ತೇವೆ. ನೀವು ಮೂಲೆಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತೀರಿ.

ವೆಸ್ಲಿ ಇನ್ನೂ ಒಂದು ಮಾತು ಹೇಳಿ ಬಹಳ ಜನರ ಕೋಪಕ್ಕೆ ಗುರಿಯಾದ. ಈ ಬಾಳಿನಲ್ಲೇ ಮನುಷ್ಯ ಪ್ರೀತಿಯಲ್ಲಿ ಪರಿಪೂರ್ಣನಾಗಬಹುದು ಎಂದ. 1766ರಲ್ಲಿ ಅದನ್ನೇ ಪುಸ್ತಕ ಮಾಡಿದ. ತಾನು ಹಾಗಾಗಿದ್ದೇನೆ ಎಂದು ಮಾತ್ರ ಎಲ್ಲೂ ಹೇಳಿಕೊಳ್ಳಲಿಲ್ಲ. ಹೇಳಿಕೊಂಡವನು ಅವನ ಗುಂಪಿನಲ್ಲಿದ್ದ ಜಾರ್ಜ್ ಬೆಲ್ ಎಂಬ ಮಾಜಿ ಸಿಪಾಯಿ. ತಾನು ಪರಿಪೂರ್ಣ ಎಂದ ಮೇಲೆ ಅಷ್ಟಕ್ಕೇ ನಿಲ್ಲಲಿಲ್ಲ. 1763ರ ಫೆಬ್ರವರಿ 28ರಂದು ಲೋಕ ಮುಗಿಯುತ್ತದೆ ಎಂದೂ ಸಾರಿದ. ಅಂದು ಲಂಡನ್ನಿನಲ್ಲಿ ಎಷ್ಟೋ ಜನ ಹೆದರಿ ಮಲಗಲಿಲ್ಲ, ಕೆಲವರು ಬಯಲಿಗೆ ಹೋಗಿ ಅಲೆದರು. ವೆಸ್ಲಿ ಸಂಜೆ ಇದೆಲ್ಲ ಸುಳ್ಳು ಎಂದು ಪ್ರಸಂಗ ಮಾಡಿ, ಹತ್ತು ಗಂಟೆಯ ಹೊತ್ತಿಗೆ ಎಂದಿನಂತೆ ನಿದ್ದೆ ಹೋದ. ಪವಿತ್ರತೆ ಎಂದರೆ ಏನೆಂದು ನನ್ನನ್ನು ಕೇಳಿದರೆ ಆ ನಿದ್ದೆಯನ್ನು ತೋರಿಸುತ್ತೇನೆ. ಬೆಲ್ಲನ ಪರಿಪೂರ್ಣತೆ ನಿಮ್ಮ ಕೊಟ್ಟಿಗೆಯ ಹಸು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹಾಲಿಗಿಂತ ಗಂಟೆಯ ಸದ್ದು ಜಾಸ್ತಿ.

ನಿವೃತ್ತಿಯಾದ ಮೇಲೆ ನೀವು ಬರುವ ಹೊತ್ತು ಬದಲಾಗಿದೆ. ಈಗ ಮಧ್ಯಾಹ್ನ ಬರುತ್ತೀರಿ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಇವಾಗ್ರಿಯಸ್ ಎಂಬ ಸನ್ಯಾಸಿ ನಿಮ್ಮ ಈ ಮಧ್ಯಾಹ್ನದ ಅವತಾರವನ್ನು ಕಣ್ಣಿಗೆ ಕಟ್ಟುವಂತೆ ಬರೆದಿದ್ದಾನೆ. ಸೂರ್ಯ ಜರುಗುವುದೇ ಇಲ್ಲ, ದಿನಕ್ಕೆ ಐವತ್ತು ಗಂಟೆ ಇರುವ ಹಾಗೆ ಅನ್ನಿಸುತ್ತದೆ. ಸನ್ಯಾಸಿಯ ಕಣ್ಣು ಕಿಟಕಿಯ ಕಡೆ ಹೋಗುತ್ತದೆ, ಯಾರಾದರೂ ಬರುತ್ತಾರಾ ಎಂದು ನೋಡುತ್ತಾನೆ. ಆಮೇಲೆ ತನಗೆ ನೋವು ಮಾಡಿದವರು ಒಬ್ಬೊಬ್ಬರಾಗಿ ನೆನಪಿಗೆ ಬರುತ್ತಾರೆ. ನನ್ನ ಕಿಟಕಿಯಿಂದ ಕಾಣುವುದು ಒಂದು ಗೋಡೆ.

ಆ ರಸೀದಿ ಎಂದೆನಲ್ಲ, ಅದೇ ಇದು. ಆರಡಿ ಎತ್ತರ, ಸಿಮೆಂಟ್ ಇಟ್ಟಿಗೆ. ಅದರಾಚೆ ತಮ್ಮನ ಮನೆ. ಅಪ್ಪ ನೆಟ್ಟ ಹಲಸಿನ ಮರ ಯಾರ ಪಾಲಿಗೆ ಎಂಬಲ್ಲಿಂದ ಶುರುವಾಯಿತು. ಮರ ಗೋಡೆಗಿಂತ ಮೊದಲೇ ಒಣಗಿಹೋಯಿತು. ಹನ್ನೊಂದು ವರ್ಷ ಮಾತಿಲ್ಲ. ತಪ್ಪು ಅವನದು ಎಂಬುದಕ್ಕೆ ನನ್ನ ಹತ್ತಿರ ಪತ್ರಗಳಿವೆ, ಅಳತೆಯ ನಕ್ಷೆ ಇದೆ. ನೀವೇ ಒಪ್ಪವಾಗಿ ಜೋಡಿಸಿ ದಾರ ಕಟ್ಟಿಕೊಟ್ಟ ಕಡತ ಅದು. ಇಬ್ಬರೂ ಒಂದೇ ಸಭೆಗೆ ಹೋಗುತ್ತೇವೆ. ನಮ್ಮ ಸಭೆಯ ಪ್ರಭುಭೋಜನದ ಆರಾಧನಾಕ್ರಮದಲ್ಲಿ ಒಂದು ಚೆಂದದ ಪದ್ಧತಿ ಇದೆ: ಬೋಧಕರ ಕೈಯಿಂದ ಹೊರಟ 'ಸಮಾಧಾನ' ಜೋಡಿಸಿದ ಅಂಗೈಗಳ ನಡುವೆ ಒಬ್ಬರಿಂದ ಒಬ್ಬರಿಗೆ, ಸಾಲಿನಿಂದ ಸಾಲಿಗೆ ಸಾಗುತ್ತದೆ. ನಾನು ಎಡಗಡೆಯ ಸಾಲು, ಅವನು ಬಲಗಡೆಯದು. ಹನ್ನೊಂದು ವರ್ಷದಿಂದ ದೇವರ ಸಮಾಧಾನ ಇಬ್ಬರಿಗೂ ತಪ್ಪದೆ ಮುಟ್ಟಿದೆ, ಬೇರೆಬೇರೆ ದಾರಿಯಲ್ಲಿ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನೊಡನೆ ಒಂದಾಗು ಎಂದು ಯೇಸು ಹೇಳಿದ್ದು ಗೊತ್ತು. ಗೊತ್ತಿರುವುದರಿಂದಲೇ ನಾನು ಕಾಣಿಕೆಯ ಕವರನ್ನು ಹಿಂದಿನ ದಿನವೇ ಕಳಿಸಿಬಿಡುತ್ತೇನೆ. ಪೀಠದ ಮುಂದೆ ಕೈಯಲ್ಲಿ ಏನೂ ಇಲ್ಲದಿದ್ದರೆ ಬಿಟ್ಟುಹೋಗುವ ಪ್ರಶ್ನೆ ಬರುವುದಿಲ್ಲವಲ್ಲ.

ಕಾಯ್ದೆಯ ಪ್ರಕಾರ ನನ್ನ ಮೇಲೆ ನಿಮ್ಮ ಹಕ್ಕೇನೂ ಇಲ್ಲ ಎಂದು ಈ ಮೂಲಕ ತಿಳಿಸಬೇಕೆಂದು ಕೂತೆ. ಮೂರು ಸಂಜೆ ಹಿಡಿಯಿತು, ಹನ್ನೆರಡು ಹಾಳೆ ತುಂಬಿತು. ಇಷ್ಟು ವಿವರವಾಗಿ, ಇಷ್ಟು ಸಲಿಗೆಯಿಂದ ನಾನು ಮನೆಯವರಿಗೂ ಎಂದೂ ಬರೆದವನಲ್ಲ. ಬರೆಯುತ್ತ ಬರೆಯುತ್ತ, ಭಾಷೆ ಚೆನ್ನಾಗಿದೆ, ಯಾವುದಾದರೂ ಪತ್ರಿಕೆಗೆ ಕಳಿಸು ಎಂದು ನೀವು ಬೆನ್ನಹಿಂದೆ ನಿಂತು ಹೇಳಿದ್ದೂ ಕೇಳಿಸಿತು.

ಇರಲಿ. ಕಚೇರಿಯ ಪತ್ರವನ್ನು ಮುಗಿಸುವ ಒಕ್ಕಣೆ ಕೈಗೆ ಅಭ್ಯಾಸವಾಗಿಬಿಟ್ಟಿದೆ. ಮೂವತ್ತು ವರ್ಷ, ಯಾರಿಗೆ ಬರೆದರೂ ಕೆಳಗೆ 'ತಮ್ಮ ವಿಧೇಯ' ಎಂದು ಬರೆದು ರುಜು ಹಾಕಿದವನು. ಯಾರಿಗೆ ವಿಧೇಯರಾಗುತ್ತೀರೋ ಅವರಿಗೇ ನೀವು ಆಳುಗಳು ಎಂದು ಪೌಲ ಅದೇ ಆರನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ಅದು ನೆನಪಾಗುವ ಹೊತ್ತಿಗೆ ಕೈ 'ತಮ್ಮ' ಎಂಬಷ್ಟನ್ನು ಬರೆದುಬಿಟ್ಟಿತ್ತು. ಪೆನ್ನು ಅಲ್ಲೇ ನಿಂತಿತು.

ಹದಿಮೂರನೆಯ ಹಾಳೆ ತೆಗೆದುಕೊಂಡಿದ್ದೇನೆ. ಅದರಲ್ಲೂ ಸದ್ಯಕ್ಕೆ ಅದೊಂದೇ ಪದ ಇದೆ, ಮುಂದೊಂದು ದೀರ್ಘ ಸೇರಿದೆ:

ತಮ್ಮಾ,